ಬಾಕಿ ಓದಿನ ಖಾತೆ

ರೆಕ್.ಹ್ಯೂಮರ್: 1-2150,2153,2160-2164. ಯೂಸ್‌ನೆಟ್ ಎಂಬ ಚರ್ಚಾಜಾಲ ಭರಾಟೆಯಲ್ಲಿದ್ದ ಕಾಲದಲ್ಲಿ, ಅಂದರೆ 1980ರ ದಶಕದ ಕೊನೆಗೆ ಮತ್ತು 90ರ ದಶಕದ ಮೊದಲಿಗೆ, ಅದನ್ನು ಓದುತ್ತಿದ್ದವರ ಕಡತಗಳ ನಡುವೆ ಇಂಥ ಸಾಲುಗಳಿಂದ ತುಂಬಿದ ಒಂದು ಫೈಲ್ ಇರುತ್ತಿತ್ತು. ಅದರ ಹೆಸರು ಡಾಟ್ ನ್ಯೂಸ್‌ಆರ್‌ಸಿ. ಮೊದಲು ಚರ್ಚಾಗುಂಪಿನ ಹೆಸರು. ಪಕ್ಕದಲ್ಲಿ ಎರಡು ಚುಕ್ಕಿ ಇದ್ದರೆ ಆ ಗುಂಪಿನ ಚಂದಾದಾರ, ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದನ್ನು ಬಿಟ್ಟವ. ಆಮೇಲೆ ಬರುವುದು ಓದಿ ಮುಗಿಸಿದ ಬರಹಗಳ ಸಂಖ್ಯೆ. ಮೇಲಿನ ಸಾಲಿನವರು 2150ರವರೆಗೆ ಒಂದೂ ಬಿಡದೆ ಓದಿದ್ದಾರೆ, 2151 ಮತ್ತು 2152 ಬಾಕಿ ಇಟ್ಟಿದ್ದಾರೆ, 2153ಕ್ಕೆ ಹಾರಿದ್ದಾರೆ. ಬಾಕಿಯನ್ನು ಎಲ್ಲೂ ಬರೆದಿಲ್ಲ. ಓದಿದ್ದನ್ನಷ್ಟೇ ಬರೆದರೆ ಓದದ್ದು ನಡುವಿನ ಖಾಲಿ ಜಾಗದಲ್ಲಿ ತಾನಾಗಿಯೇ ಕಾಣುತ್ತದೆ. ಇವತ್ತು ಫೋರಂಗಳಲ್ಲಿ ಕಾಣುವ ದಪ್ಪಕ್ಷರದ ಶೀರ್ಷಿಕೆ, ನೀಲಿ ಚುಕ್ಕಿ, ಕೆಂಪು ವೃತ್ತದೊಳಗಿನ ಅಂಕಿ ಎಲ್ಲವೂ ಮಾಡುವುದು ಇದೇ ಕೆಲಸವನ್ನು. ಬದಲಾಗಿರುವುದು ಖಾತೆ ಬರೆಯುವ ಕೈ. ‘ಓದಿದೆ’ ಎಂಬುದು ಓದುಗ ತನಗಾಗಿ ತಾನೇ ಹಾಕಿಕೊಳ್ಳುತ್ತಿದ್ದ ಗುರುತು. ನಲವತ್ತು ವರ್ಷಗಳಲ್ಲಿ ಅದು ಓದುಗನ ಬಗ್ಗೆ ಬೇರೆಯವರು ಬರೆದಿಡುವ ಟಿಪ್ಪಣಿಯಾಯಿತು. ಯಂತ್ರಗಳು ಸುಧಾರಿಸಿದ್ದರಿಂದ ಇದು ತಾನಾಗಿ ಆಯಿತು ಎನ್ನುವ ಮಾತಿದೆ. ಅದು ಅರ್ಧ ಸತ್ಯ.

ಲೆಕ್ಕದ ಅಗತ್ಯ ಮೊದಲಿಗೆ ಇರಲೇ ಇಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಗೆ 1973ರಲ್ಲಿ ಡೇವಿಡ್ ವೂಲಿ ಎಂಬ ಹದಿನೇಳರ ಹುಡುಗ ‘ನೋಟ್ಸ್’ ಎಂಬ ಚರ್ಚಾ ತಂತ್ರಾಂಶ ಬರೆದಾಗ, 1978ರ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಯೆಸ್ ಫೋನ್ ತಂತಿಯ ಮೇಲೆ ಮೊದಲ ಬುಲೆಟಿನ್ ಬೋರ್ಡ್ ತೆರೆದಾಗ, ಬರಹಗಳಿಗೆ ಕ್ರಮಸಂಖ್ಯೆ ಕೊಟ್ಟರೆ ಸಾಕಾಗುತ್ತಿತ್ತು. ಷಿಕಾಗೋದ ಬೋರ್ಡಿಗೆ ಒಂದು ಸಲಕ್ಕೆ ಒಬ್ಬರೇ ಕರೆ ಮಾಡಬಹುದಿತ್ತು. ಹೋದ ಸಲ ಎಲ್ಲಿಗೆ ನಿಲ್ಲಿಸಿದೆ ಎಂಬ ಒಂದು ಅಂಕಿ ನೆನಪಿದ್ದರೆ ಮುಂದಿನದೆಲ್ಲ ಹೊಸದು. ಪುಸ್ತಕದಲ್ಲಿ ಪುಟದ ಕಿವಿ ಮಡಿಸಿಟ್ಟ ಹಾಗೆ. ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಯೂಸ್‌ನೆಟ್‌ನ ಯೋಜನೆ ಹಾಕಿದಾಗಲೂ ಅದರ ಮೊದಲ ತಂತ್ರಾಂಶ ಲೆಕ್ಕ ಹಾಕಿದ್ದು ಗುಂಪೊಂದಕ್ಕೆ ದಿನಕ್ಕೆ ಬೆರಳೆಣಿಕೆಯ ಬರಹಗಳು ಎಂದು. ಎಣಿಕೆ ಬೇಗನೆ ತಪ್ಪಿತು. ಬರಹ ಹೆಚ್ಚಾದಂತೆ ಮಡಿಸಿದ ಕಿವಿಯಿಂದ ಕೆಲಸ ನಡೆಯಲಿಲ್ಲ, ಯಾಕೆಂದರೆ ಜನ ಸಾಲಾಗಿ ಓದುವುದನ್ನು ಬಿಟ್ಟು ಬೇಕಾದ್ದನ್ನು ಆರಿಸಿ ಓದತೊಡಗಿದರು. ಆರಿಸಿ ಓದುವವನ ಓದಿನಲ್ಲಿ ತೂತುಗಳಿರುತ್ತವೆ. ಆ ತೂತುಗಳನ್ನು ಹಿಡಿದಿಡಲು ಮ್ಯಾಟ್ ಗ್ಲಿಕ್‌ಮನ್ ಮತ್ತು ಮಾರ್ಕ್ ಹಾರ್ಟನ್ ಬರ್ಕ್ಲಿಯಲ್ಲಿ ಬರೆದ ಬಿ-ನ್ಯೂಸ್ ತಂತ್ರಾಂಶದ ಜೊತೆ ಈ ನ್ಯೂಸ್‌ಆರ್‌ಸಿ ಫೈಲ್ ಬಳಕೆಗೆ ಬಂತು.

ಓದು ಎಂಬ ಮಾತಿಗೆ ಆಗ ಇದ್ದ ಅರ್ಥ ತಿಳಿಯಬೇಕಾದರೆ 1984ರಲ್ಲಿ ಲ್ಯಾರಿ ವಾಲ್ ಬರೆದ ಆರ್‌ಎನ್ ಎಂಬ ತಂತ್ರಾಂಶದ ಕೀಲಿಗಳನ್ನು ನೋಡಬೇಕು. (ಪರ್ಲ್ ಭಾಷೆ ಮಾಡಿದವರೂ ಇವರೇ, ಅದು ಮೂರು ವರ್ಷದ ನಂತರದ ಕಥೆ.) ಕೆ ಒತ್ತಿದರೆ ಅದೇ ವಿಷಯದ ಅಷ್ಟೂ ಬರಹಗಳಿಗೆ, ಕಣ್ಣಾಡಿಸದೆಯೇ, ಓದಿದ ಗುರುತು ಬೀಳುತ್ತಿತ್ತು. ಎಂ ಒತ್ತಿದರೆ ಓದಿ ಮುಗಿಸಿದ್ದು ಮತ್ತೆ ಓದದ್ದರ ಸಾಲಿಗೆ ಸೇರುತ್ತಿತ್ತು. ಸಿ ಒತ್ತಿದರೆ, ಇಡೀ ಗುಂಪನ್ನು ಓದಿದ್ದೆಂದು ಗುರುತಿಸುವುದು ನಿಜವೇ ಎಂದು ಯಂತ್ರ ಒಮ್ಮೆ ಕೇಳಿ, ಹೌದೆಂದರೆ ಸಾವಿರಾರು ಬರಹಗಳ ಬಾಕಿಯನ್ನು ಒಂದೇ ಏಟಿಗೆ ಚುಕ್ತಾ ಮಾಡುತ್ತಿತ್ತು. ಈ ಕೊನೆಯದಕ್ಕೆ ‘ಕ್ಯಾಚ್ ಅಪ್’ ಎಂದು ಹೆಸರು. ಇಲ್ಲಿ ಓದಿದ್ದು ಎಂದರೆ ಕಣ್ಣು ಅಕ್ಷರಗಳ ಮೇಲೆ ಹರಿಯಿತು ಎಂದಲ್ಲ. ‘ಇದರ ಜೊತೆ ನನ್ನ ವ್ಯವಹಾರ ಮುಗಿಯಿತು’ ಎಂದು. ಹಾಗೆ ಹೇಳುವ ಹಕ್ಕು ಪೂರ್ತಿ ಓದುಗನದು, ಸುಳ್ಳು ಹೇಳುವ ಹಕ್ಕೂ ಸೇರಿ. ಒಂದೇ ಬರಹ ನಾಲ್ಕು ಗುಂಪುಗಳಲ್ಲಿ ಬಂದಿದ್ದರೆ ಒಂದರಲ್ಲಿ ನೋಡಿದ್ದು ಉಳಿದ ಮೂರರಲ್ಲೂ ಓದಿದ್ದೆಂದು ಲೆಕ್ಕವಾಗಲು ಬರಹದ ತಲೆಯಲ್ಲಿ ಎಕ್ಸ್‌ರೆಫ್ ಎಂಬ ಸಾಲು ಇರುತ್ತಿತ್ತು. ಆ ವಿವರವೂ ಓದುಗನ ತಲೆಭಾರ ಇಳಿಸಲೆಂದೇ. ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪಿನಲ್ಲಿ ರೋಮನ್ ಅಕ್ಷರದ ಕನ್ನಡ ಬರೆದು ಓದುತ್ತಿದ್ದವರ ಖಾತೆಯೂ ಇದೇ ಬಗೆಯ ಸಂಖ್ಯೆಗಳಲ್ಲಿ ನಡೆಯುತ್ತಿತ್ತು.

ಇದನ್ನು ಸತ್ಯಯುಗ ಎಂದು ಕರೆಯುವ ಮೊದಲು ಒಂದು ಆಕ್ಷೇಪವನ್ನು ಎದುರಿಸಬೇಕು. ಓದುಗನ ಫೈಲ್ ಎಂದರೂ ಅದು ಇದ್ದದ್ದು ವಿಶ್ವವಿದ್ಯಾಲಯದ ಅಥವಾ ಕಂಪನಿಯ ಕಂಪ್ಯೂಟರಿನಲ್ಲಿ. ಅದನ್ನು ನೋಡಿಕೊಳ್ಳುವವರು ತೆರೆದು ನೋಡಬಹುದಿತ್ತು. ನೋಡಿದರು ಕೂಡ. ಪಾಲೋ ಆಲ್ಟೋದ ಡಿಜಿಟಲ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಬ್ರಯಾನ್ ರೀಡ್, 1980ರ ದಶಕದ ಉತ್ತರಾರ್ಧದಲ್ಲಿ ಆರ್ಬಿಟ್ರಾನ್ ಎಂಬ ಪುಟ್ಟ ಪ್ರೋಗ್ರಾಂ ಹಂಚಿದರು. ಅಮೆರಿಕದಲ್ಲಿ ರೇಡಿಯೋ ಕೇಳುಗರ ಗಣತಿ ಮಾಡುತ್ತಿದ್ದ ಕಂಪನಿಯೊಂದರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಯಾವ ಊರಿನ ವ್ಯವಸ್ಥಾಪಕ ಅದನ್ನು ಓಡಿಸಿದರೂ ಅದು ಅಲ್ಲಿನ ಬಳಕೆದಾರರ ನ್ಯೂಸ್‌ಆರ್‌ಸಿ ಫೈಲುಗಳನ್ನು ಸಾಲಾಗಿ ತೆರೆದು, ಯಾವ ಗುಂಪನ್ನು ಎಷ್ಟು ಜನ ಓದುತ್ತಿದ್ದಾರೆ ಎಂದು ಎಣಿಸಿ ರೀಡ್‌ಗೆ ಕಳಿಸುತ್ತಿತ್ತು. ಅವರು ತಿಂಗಳಿಗೊಮ್ಮೆ ಪಟ್ಟಿ ಪ್ರಕಟಿಸುತ್ತಿದ್ದರು. ಹಾಗಾದರೆ ನನ್ನ ವಾದ ಇಲ್ಲಿಗೇ ಕುಸಿಯಿತೇ? ಇಲ್ಲ ಎಂದೇ ನನ್ನ ತೀರ್ಮಾನ, ಯಾಕೆಂದರೆ ಆರ್ಬಿಟ್ರಾನ್ ಬೇರೆಯವರು ಬರೆದ ಖಾತೆಯನ್ನು ಓದುತ್ತಿತ್ತೇ ಹೊರತು ತಾನೇ ಬರೆಯುತ್ತಿರಲಿಲ್ಲ. ಸಿ ಒತ್ತಿ ಎಲ್ಲವನ್ನೂ ಚುಕ್ತಾ ಮಾಡಿದವನೂ ಅದರ ಲೆಕ್ಕದಲ್ಲಿ ಓದುಗನೇ. ಓದುಗರು ಹೇಳಿದ್ದನ್ನು ನಂಬುವುದಷ್ಟೇ ಗಣತಿದಾರನಿಗೆ ಇದ್ದ ದಾರಿ. ಆದರೂ ಓದಿದ್ದರ ಗುರುತಿನಿಂದ ಓದುಗರನ್ನು ಅಳೆಯಬಹುದು ಎಂಬ ಯೋಚನೆ ಹುಟ್ಟಿದ್ದು ವ್ಯಾಪಾರಿಗಳ ತಲೆಯಲ್ಲಲ್ಲ, ಇಂಥ ಕುತೂಹಲಿ ಎಂಜಿನಿಯರ ಬಳಿಯೇ ಎಂಬುದನ್ನು ಒಪ್ಪಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಆ ಫೈಲಿನಲ್ಲಿದ್ದ ಸಂಖ್ಯೆಗಳು ಆಯಾ ಸರ್ವರ್ ತನ್ನಷ್ಟಕ್ಕೆ ಕೊಟ್ಟವು. ಒಂದು ಊರಿನ 2153 ಇನ್ನೊಂದು ಊರಿನಲ್ಲಿ ಬೇರೆಯೇ ಬರಹ. ಓದುಗ ಸರ್ವರ್ ಬದಲಿಸಿದರೆ ವರ್ಷಗಳ ಖಾತೆ ಒಂದೇ ದಿನಕ್ಕೆ ಅರ್ಥ ಕಳೆದುಕೊಳ್ಳುತ್ತಿತ್ತು. ಮನೆಯಲ್ಲೊಂದು, ಕಚೇರಿಯಲ್ಲೊಂದು ಯಂತ್ರ ಬಂದಮೇಲಂತೂ ಎರಡು ಖಾತೆ, ಎರಡು ಬಾಕಿ. 1989ರಲ್ಲಿ ಬಂದ ಲೋಟಸ್ ನೋಟ್ಸ್ ಎಂಬ ಕಚೇರಿ ತಂತ್ರಾಂಶ ಕೂಡ (ಅದರ ಕರ್ತೃ ರೇ ಆಜ಼ೀ ಪ್ಲೇಟೋ ಬಳಸಿ ಬೆಳೆದವರು) ಇಲ್ಲಿಯೇ ಎಡವಿತು: ಒಂದು ಸರ್ವರಿನಲ್ಲಿ ಓದಿದ್ದು ಅದರ ಪ್ರತಿಯಲ್ಲಿ ಓದದ್ದಾಗಿಯೇ ಉಳಿಯುತ್ತಿತ್ತು. ಹಾಗಾಗಿ ಖಾತೆ ಸರ್ವರಿಗೆ ಹೋಗಲೇಬೇಕಿತ್ತು ಎನ್ನುವವರ ಮಾತು ಸರಿ. ಆದರೆ ಖಾತೆ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಯಾರು ಬರೆಯುತ್ತಾರೆ ಎಂಬುದು ಇನ್ನೊಂದು. ಇವೆರಡನ್ನೂ ಬೇರೆಯಾಗಿಡಬಹುದು ಎಂದು ತೋರಿಸಿದ್ದು ಮಿಂಚಂಚೆಯ ಐಮ್ಯಾಪ್ ನಿಯಮಾವಳಿ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ ಇದರಲ್ಲಿ ‘ಸೀನ್’ ಎಂಬ ಗುರುತು ಸರ್ವರಿನಲ್ಲೇ ಇರುತ್ತದೆ. ಪತ್ರದ ಒಡಲನ್ನು ತರಿಸಿಕೊಂಡರೆ ಗುರುತು ಬೀಳುತ್ತದೆ. ಆದರೆ ‘ಪೀಕ್’ ಎಂಬ ಪದ ಸೇರಿಸಿ ಕೇಳಿದರೆ ಅದೇ ಒಡಲು ಬರುತ್ತದೆ, ಗುರುತು ಬೀಳುವುದಿಲ್ಲ. ಬಿದ್ದ ಗುರುತನ್ನು ತೆಗೆಯುವ ಆಜ್ಞೆಯೂ ಇದೆ. ಇಣುಕಿ ನೋಡುವುದು ಬೇರೆ, ಓದುವುದು ಬೇರೆ ಎಂಬ ವಿವೇಕವನ್ನು ನಿಯಮಾವಳಿಯೊಂದರಲ್ಲಿ ಹೀಗೆ ಬರೆದಿಟ್ಟದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ನಾಜೂಕಿನ ಕೆಲಸ.

ವೆಬ್‌ನಲ್ಲಿ ಹುಟ್ಟಿದ ಫೋರಂಗಳಿಗೆ ಈ ವಿವೇಕ ದಾಟಲಿಲ್ಲ. ಅವುಗಳ ಕಷ್ಟ ಬೇರೆ ಇತ್ತು. ಬ್ರೌಸರ್ ಒಂದೊಂದು ಪುಟವನ್ನೂ ಹೊಸಬನ ಹಾಗೆ ಕೇಳುತ್ತಿತ್ತು. ಗುರುತು ಹಿಡಿಯಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ, ಬ್ರೌಸರಿನಲ್ಲಿ ಉಳಿಯುವ ಕುಕಿ ಎಂಬ ಪುಟ್ಟ ಟಿಪ್ಪಣಿ ತಂದರು. ಮೊದಲ ತಲೆಮಾರಿನ ಫೋರಂಗಳು ಕೊನೆಯ ಭೇಟಿಯ ಸಮಯ ಬರೆದಿಟ್ಟು, ಅದರ ನಂತರದ್ದೆಲ್ಲ ಹೊಸದು ಎಂದವು. ಅಂದರೆ ಪುಟದ ಕಿವಿ ಮಡಿಸುವ ಹಳೆಯ ಪದ್ಧತಿಗೇ ಮರಳಿದ ಹಾಗಾಯಿತು. ಸಂಜೆ ಎರಡು ಚರ್ಚೆ ನೋಡಿ ಎದ್ದುಹೋದವರು ಬೆಳಿಗ್ಗೆ ಬಂದರೆ, ತೆರೆಯದೇ ಇದ್ದ ಇಪ್ಪತ್ತು ಚರ್ಚೆಗಳೂ ಹಳತಾಗಿ ಮಂಕು ಬಣ್ಣದಲ್ಲಿ ಕೂತಿರುತ್ತಿದ್ದವು. 2002ರ ಪಿಎಚ್‌ಪಿಬಿಬಿ 2 ತಂತ್ರಾಂಶ ತೆರೆದ ಚರ್ಚೆಗಳ ಪಟ್ಟಿಯನ್ನು ಕುಕಿಯಲ್ಲೇ ತುರುಕಿತು. ಕುಕಿಯಲ್ಲಿ ಹಿಡಿಸುವುದು ಸುಮಾರು ನಾಲ್ಕು ಕಿಲೋಬೈಟ್. ಆದ್ದರಿಂದ ಪಟ್ಟಿಗೆ 150ರ ಮಿತಿ, ಅದು ತುಂಬಿದರೆ ಹಳೆಯದೊಂದು ಉದುರುತ್ತಿತ್ತು. 2007ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿ ಲೆಕ್ಕವನ್ನು ಡೇಟಾಬೇಸಿಗೆ ಒಯ್ದಿತು. ಹತ್ತು ಸಾವಿರ ಸದಸ್ಯರು, ಐವತ್ತು ಸಾವಿರ ಚರ್ಚೆಗಳಿದ್ದರೆ ಒಬ್ಬೊಬ್ಬರಿಗೆ ಒಂದೊಂದರಂತೆ 50 ಕೋಟಿ ಸಾಲು ಬೇಕು. ಯಾವ ಸಣ್ಣ ಸರ್ವರೂ ಅದನ್ನು ತಾಳದು. ಅದಕ್ಕೊಂದು ಶ್ಯಾನುಭೋಗರ ಉಪಾಯ ಮಾಡಿದರು. ಸದಸ್ಯ ತೆರೆದ ಚರ್ಚೆಗೆ ಮಾತ್ರ ಒಂದು ಸಾಲು. ವಿಭಾಗವೊಂದರ ಎಲ್ಲ ಚರ್ಚೆಗಳೂ ಮುಗಿದವೋ, ಆ ಬಿಡಿ ಸಾಲುಗಳನ್ನೆಲ್ಲ ಅಳಿಸಿ ‘ಈ ಹೊತ್ತಿನವರೆಗೆ ಚುಕ್ತಾ’ ಎಂದು ಒಂದೇ ಸಾಲು ಬರೆಯುವುದು. ಉಪಾಯ ಜಾಣತನದ್ದೇ. ಆದರೆ ಇಲ್ಲಿ ಖಾತೆ ಬರೆಯುವುದು ಪೂರ್ತಿಯಾಗಿ ಅಂಗಡಿಯವನ ಕೆಲಸವಾಯಿತು, ಗಿರಾಕಿಗೆ ಉಳಿದದ್ದು ‘ಎಲ್ಲವನ್ನೂ ಓದಿದ್ದೆಂದು ಗುರುತಿಸು’ ಎಂಬಂಥ ಒಂದೆರಡು ಕೊಂಡಿಗಳು. ಪುಟ ತೆರೆದದ್ದೇ ಓದು ಎಂಬ ಊಹೆಯೂ ಇಲ್ಲಿಂದ ಗಟ್ಟಿಯಾಯಿತು.

ಊಹೆ ಮುಂದೆ ಅಳತೆಯಾಯಿತು. ಜೆಫ್ ಅಟ್‌ವುಡ್ ಮತ್ತು ಸಂಗಡಿಗರು 2013ರಲ್ಲಿ ಹೊರತಂದ ಫೋರಂ ತಂತ್ರಾಂಶ ಡಿಸ್ಕೋರ್ಸ್‌ನಲ್ಲಿ ಓದದ ಪ್ರತಿಯೊಂದು ಪೋಸ್ಟಿನ ಪಕ್ಕ ಪುಟ್ಟ ನೀಲಿ ಚುಕ್ಕಿ; ಪರದೆಯ ಮೇಲೆ ಅದು ಸ್ವಲ್ಪ ಹೊತ್ತು ನಿಂತರೆ ಚುಕ್ಕಿ ಮೆಲ್ಲಗೆ ಮಾಯ. ಹಿಂದೆ ಡೇಟಾಬೇಸಿನಲ್ಲಿ ಯಾರ ಕಣ್ಣೆದುರು ಯಾವ ಪೋಸ್ಟ್ ಎಷ್ಟು ಮಿಲಿಸೆಕೆಂಡ್ ಇತ್ತು ಎಂದು ದಾಖಲಾಗುತ್ತದೆ. ಹೊಸಬ ಒಂದು ಮೆಟ್ಟಿಲು ಮೇಲೇರಬೇಕಾದರೆ ಐದು ಚರ್ಚೆ ತೆರೆದು, ಮೂವತ್ತು ಪೋಸ್ಟ್ ಓದಿ, ಒಟ್ಟು ಹತ್ತು ನಿಮಿಷ ಕಳೆದಿರಬೇಕೆಂಬುದು ಅದರ ಮೂಲ ನಿಯಮ. ಕಸದ ಜಾಹೀರಾತು ಸುರಿಯುವವರನ್ನು ತಡೆಯಲು ಇದಕ್ಕಿಂತ ಸೌಮ್ಯವಾದ ಉಪಾಯ ಸಿಗುವುದು ಕಷ್ಟ, ಮತ್ತು ಮಾತಾಡುವ ಮೊದಲು ಕೇಳಿಸಿಕೋ ಎಂಬುದು ಕೆಟ್ಟ ನಿಯಮವೇನಲ್ಲ. ನನ್ನ ತಕರಾರು ಉದ್ದೇಶದ ಬಗ್ಗೆ ಅಲ್ಲ. ಲ್ಯಾರಿ ವಾಲ್ ಕಾಲದಲ್ಲಿ ಓದದೆಯೇ ಓದಿದೆ ಎನ್ನುವುದು ಓದುಗನ ಸ್ವಾತಂತ್ರ್ಯವಾಗಿತ್ತು. ಇಲ್ಲಿ ಅದು ಹಾಜರಿ ಪುಸ್ತಕದಲ್ಲಿ ಕಳ್ಳ ಸಹಿ. ಓದಿದ ಗುರುತು ಸಂದೇಶ ಬರೆದವರಿಗೇ ಕಾಣತೊಡಗಿದರೆ ಜನ ಹೇಗೆ ಕೆರಳುತ್ತಾರೆ ಎಂಬುದಕ್ಕೆ 2014ರ ನವೆಂಬರಿನಲ್ಲಿ ಬಂದ ವಾಟ್ಸಾಪ್‌ನ ನೀಲಿ ಟಿಕ್ ಸಾಕ್ಷಿ. ಅದನ್ನು ಆರಿಸುವ ಸೌಲಭ್ಯ ಕೆಲವೇ ದಿನಗಳಲ್ಲಿ ಬರಬೇಕಾಯಿತು.

ಇಷ್ಟು ಚಿಕ್ಕ ಚುಕ್ಕಿಗೆ ಇಷ್ಟು ದೊಡ್ಡ ವಾದ ಬೇಕೇ ಎನ್ನುವವರಿಗೆ ಒಂದೇ ಉತ್ತರ: ಫೋರಂ ನಡೆಸುವವರು ತಮ್ಮ ತಂತ್ರಾಂಶದ ಸೆಟ್ಟಿಂಗ್ ತೆರೆದು, ಓದಿದ್ದನ್ನು ಮತ್ತೆ ‘ಓದದ್ದು’ ಎಂದು ಗುರುತಿಸುವ ಗುಂಡಿ ಸದಸ್ಯರಿಗೆ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅದನ್ನು ಕೊಡಲಿ. 1984ರಲ್ಲಿ ಅದು ಒಂದು ಕೀಲಿಯ ಕೆಲಸವಾಗಿತ್ತು. ಯೂಸ್‌ನೆಟ್ ಇವತ್ತು ಬಹುಮಟ್ಟಿಗೆ ಪಾಳುಬಿದ್ದಿದೆ, ಆದರೆ ಅದನ್ನು ಓದುವ ಟಿನ್ ಎಂಬ ತಂತ್ರಾಂಶ ಇನ್ನೂ ಬಳಕೆಯಲ್ಲಿದೆ. ಅದು ಮೊದಲು ಹುಡುಕುವುದು ಓದುಗರ ಕಡತಗಳ ನಡುವಿನ ಅದೇ ಹೆಸರಿನ ಫೈಲನ್ನು, ಅದೇ ಎರಡು ಚುಕ್ಕಿ, ಅದೇ ಸಂಖ್ಯೆಗಳ ಸಾಲಿನ ಸಮೇತ.