ಆ ಪುಂಗಿ ಊದಿದವರು ಯಾರು?

ಅನಂತ ಚತುರ್ದಶಿಯ ಸಂಜೆ ವರ್ತಕ ನಗರದ ಗಣಪತಿಗಳು ಉಪವನ ಕೆರೆಯ ಕಡೆಗೆ ಹೊರಟಾಗ, ಬೆಂಜೊ ಪಾರ್ಟಿಯವರು ಒಂದು ರಾಗವನ್ನು ನುಡಿಸದೆ ಬಿಡುವುದಿಲ್ಲ. ಅದು ಕಿವಿಗೆ ಬಿದ್ದೊಡನೆ ಒಬ್ಬ ಹುಡುಗ ಕರವಸ್ತ್ರವನ್ನು ಬಾಯಲ್ಲಿ ಕಚ್ಚಿ ಹಾವಾಡಿಗನಾಗುತ್ತಾನೆ, ಇನ್ನೊಬ್ಬ ನೆಲದ ಮೇಲೆ ಹೊರಳಿ ಹಾವಾಗುತ್ತಾನೆ. ಓದುಗರು ಊಹಿಸಿರಬಹುದು, ಅದು 'ನಾಗಿನ್' ಚಿತ್ರದ ಪುಂಗಿಯ ರಾಗ. ಚಿತ್ರ ತೆರೆಗೆ ಬಂದದ್ದು ೧೯೫೪ರಲ್ಲಿ. ಇಂದು ಕುಣಿಯುವ ಹುಡುಗರ ತಂದೆಯರೂ ಆಗ ಹುಟ್ಟಿರಲಿಲ್ಲ.

ಈ ರಾಗದ ಮಾತು ಬಂದರೆ ನಮ್ಮಲ್ಲಿ ವಾದ ಮುಗಿಯುವುದೇ ಇಲ್ಲ. ನಿಜವಾದ ಹಾವಾಡಿಗನನ್ನೇ ಕರೆತಂದು ಊದಿಸಿದರೆಂದು ಒಬ್ಬರು, ಕಲ್ಯಾಣ್‌ಜಿ ನುಡಿಸಿದರೆಂದು ಇನ್ನೊಬ್ಬರು, ಅಲ್ಲ, ರವಿ ನುಡಿಸಿದರೆಂದು ಮತ್ತೊಬ್ಬರು. ಯಾರ ಮಾತು ನಿಜ?

ಹಾವಾಡಿಗನ ಕಥೆಯನ್ನು ಮೊದಲೇ ಬದಿಗಿಡಬೇಕು. ಅಲ್ಲಿ ಪುಂಗಿಯೇ ಇರಲಿಲ್ಲ. ಸಂಗೀತ ನಿರ್ದೇಶಕ ಹೇಮಂತ ಕುಮಾರರಿಗೆ ಸಹಾಯಕರಾಗಿದ್ದವರು ದಿಲ್ಲಿಯಿಂದ ಬಂದ ರವಿ. ಅವರು ಹಿಡಿದದ್ದು ಹಾರ್ಮೋನಿಯಂ. ಕಚ್ಛಿ ವ್ಯಾಪಾರಿ ಮನೆತನದ ಕಲ್ಯಾಣ್‌ಜಿ ಹಿಡಿದದ್ದು ಕ್ಲೇವಿಯೋಲಿನ್. ಇದು ಫ್ರಾನ್ಸಿನ ಕಾನ್‌ಸ್ಟಾಂಟ್ ಮಾರ್ಟಿನ್ ಎಂಬಾತ ೧೯೪೭ರಲ್ಲಿ ರೂಪಿಸಿದ, ವಿದ್ಯುತ್ತಿನಿಂದ ನುಡಿಯುವ ಪುಟ್ಟ ವಾದ್ಯ. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವುದು ಅದರ ಮಿತಿ. ಪುಂಗಿಗಾದರೋ ಕೊಳವೆಗಳು ಎರಡು. ಒಂದು ಶ್ರುತಿ ಹಿಡಿದಿರುತ್ತದೆ, ಇನ್ನೊಂದು ರಾಗ ನುಡಿಯುತ್ತದೆ. ಆ ತುಂಬು ನಾದಕ್ಕೆ ಎರಡು ವಾದ್ಯಗಳು ಜೊತೆಗೂಡಿದ್ದು ಸಹಜವೇ ಎಂದು ನಮಗೆ ತೋರುತ್ತದೆ. ಅಂದಮೇಲೆ ವಾದಿಸುವ ಇಬ್ಬರೂ ಅರ್ಧರ್ಧ ಸರಿ.

ಹಾಗಿದ್ದೂ ಜಗಳವೇಕೆ ಉಳಿಯಿತು? ಹಾಡಿದ ಲತಾ ಮಂಗೇಶ್ಕರ್, ಕುಣಿದ ವೈಜಯಂತಿಮಾಲಾ ಎಲ್ಲರಿಗೂ ಗೊತ್ತು. ಫಿಲ್ಮ್‌ಫೇರ್ ಪ್ರಶಸ್ತಿ ಹೇಮಂತ ಕುಮಾರರಿಗೆ ಸಂದಿತು, ಸಲ್ಲತಕ್ಕದ್ದೇ. ಆದರೆ ಹಾಡಿನ ತಟ್ಟೆಯ ಮೇಲೆ ವಾದಕರ ಹೆಸರು ಅಚ್ಚು ಹಾಕುವ ರೂಢಿ ಅಂದು ಇರಲಿಲ್ಲ. ರವಿಯೂ ಕಲ್ಯಾಣ್‌ಜಿಯೂ ಮುಂದೆ ತಾವೇ ಹೆಸರಾಂತ ಸಂಗೀತ ನಿರ್ದೇಶಕರಾದುದರಿಂದ ಅವರ ಅಭಿಮಾನಿಗಳಾದರೂ ವಾದಿಸುತ್ತಾರೆ. ಹಾಗೆ ಮೇಲೇರದ ನೂರಾರು ಪಿಟೀಲು, ಕೊಳಲು, ಗಿಟಾರುಗಳವರ ಪರವಾಗಿ ವಾದಿಸುವವರೂ ಇಲ್ಲ.

ಇದು ಮುಂಬಯಿಯೊಂದರ ಕಥೆಯಲ್ಲ. ಲಿವರ್‌ಪೂಲಿನ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ೧೯೬೮ರಲ್ಲಿ ಅಳುವ ಗಿಟಾರಿನ ಮೇಲೊಂದು ಹಾಡು ಕಟ್ಟಿದರು. ಅದರಲ್ಲಿ ನಿಜಕ್ಕೂ ಅತ್ತಂತೆ ಗಿಟಾರು ನುಡಿಸಿದವರು ಅವರ ಗೆಳೆಯ ಎರಿಕ್ ಕ್ಲಾಪ್ಟನ್. ತಟ್ಟೆಯ ಹೊದಿಕೆಯಲ್ಲಿ ಅವರ ಹೆಸರೇ ಇರಲಿಲ್ಲ.

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೂ ಒಂದುಂಟು. ೧೯೭೭ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಶಹನಾಯಿಯನ್ನು ತುಟಿಗಿಟ್ಟವರು ಡಾ. ರಾಜಕುಮಾರ್, ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಇದನ್ನು ಯಾರೂ ಮುಚ್ಚಿಡಲಿಲ್ಲ. ನಾಯಕನ ಘನತೆಗೆ ಅದರಿಂದ ಕುಂದೂ ಬರಲಿಲ್ಲ.

ಆದರೆ ಹೆಮ್ಮೆಪಡುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ನಮ್ಮ ಸಂಘದ ಸಮಾರಂಭಗಳ ವರದಿಯಲ್ಲಿ ಗಾಯಕರ ಹೆಸರು, ಅಧ್ಯಕ್ಷರ ಹೆಸರು, ಹಾರ ಹಾಕಿದವರ ಹೆಸರು ತಪ್ಪದೆ ಬರುತ್ತವೆ. ಕೊನೆಗೆ 'ಪಕ್ಕವಾದ್ಯದವರು ಸಹಕರಿಸಿದರು' ಎಂದು ಒಂದು ಸಾಲು. ಐವತ್ತು ವರ್ಷಗಳ ಮೇಲೆ ಅಂದು ತಬಲಾ ನುಡಿಸಿದವರು ಯಾರೆಂದು ಯಾರಾದರೂ ಕೇಳಿದರೆ, ನಮ್ಮ ಮಕ್ಕಳಿಗೆ ಜಗಳವಾಡಲು ಎರಡು ಹೆಸರುಗಳೂ ಸಿಕ್ಕಲಾರವು. ಮುಂದಿನ ವರದಿ ಬರೆಯುವವರು ವೇದಿಕೆ ಇಳಿಯುವ ಮುನ್ನ ಅವರ ಹೆಸರನ್ನೂ ಕೇಳಿ ಬರೆದುಕೊಳ್ಳಲಿ.