ಊರಿಗೇ ಬಂದ ವಿಜ್ಞಾನ

ಹವಾಮಾನ ಬದಲಾವಣೆ ಬರಿಗಣ್ಣಿಗೆ ಕಾಣುವಂತಹದ್ದಲ್ಲ. ಒಂದು ದಿನದ ಮಳೆಯಾಗಲಿ, ಒಂದು ಬೇಸಿಗೆಯ ಸೆಕೆಯಾಗಲಿ ಅದಕ್ಕೆ ಪುರಾವೆಯಲ್ಲ. ಹಾಗಾದರೆ ಅದನ್ನು ಜನಸಾಮಾನ್ಯರಿಗೆ ಮನದಟ್ಟು ಮಾಡುವುದು ಹೇಗೆ?

ಈ ವಿಜ್ಞಾನ ಆರಂಭವಾದದ್ದೇ ಒಂದು ಸರಳ ಪ್ರಯೋಗದಿಂದ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಒಂದು ಗಾಜಿನ ಕೊಳವೆಯಲ್ಲಿ ಸಾಮಾನ್ಯ ಗಾಳಿಯನ್ನೂ ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡನ್ನೂ ತುಂಬಿ ಬಿಸಿಲಿಗಿಟ್ಟರು. ಎರಡನೆಯದು ಹೆಚ್ಚು ಕಾಯಿತು, ತಣಿಯಲು ಹೆಚ್ಚು ಹೊತ್ತು ಹಿಡಿಯಿತು. ಇಂತಹ ಅನಿಲಗಳು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೀರಿಕೊಳ್ಳುತ್ತವೆ ಎಂಬುದನ್ನು 1859ರಲ್ಲಿ ಜಾನ್ ಟಿಂಡಲ್ ತೋರಿಸಿದರು.

ಆದರೆ ವಸ್ತುಸಂಗ್ರಹಾಲಯಗಳಲ್ಲಿ ಬಹುಕಾಲ ‘ಮುಟ್ಟಬೇಡಿ’ ಎಂಬ ಫಲಕವೇ ರಾರಾಜಿಸುತ್ತಿತ್ತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಆರಂಭಿಸಿದ ಎಕ್ಸ್‌ಪ್ಲೊರೇಟೋರಿಯಂ, ಮುಟ್ಟಿ ಕಲಿಯುವ ಕ್ರಮಕ್ಕೆ ಜಗತ್ಪ್ರಸಿದ್ಧಿ ತಂದಿತು. ನಮ್ಮಲ್ಲಿ 1959ರಲ್ಲಿ ಕೋಲ್ಕತ್ತಾದ ಬಿರ್ಲಾ ಸಂಗ್ರಹಾಲಯ ತೆರೆಯಿತು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. ನಗರಕ್ಕೆ ಬರಲಾಗದವರ ಗತಿಯೇನು? ಈ ಪ್ರಶ್ನೆಗೆ ಉತ್ತರವೆಂಬಂತೆ 1965ರಲ್ಲಿ ಕೋಲ್ಕತ್ತಾದ ಸಂಗ್ರಹಾಲಯ ಪ್ರದರ್ಶನಗಳನ್ನು ಬಸ್ಸಿಗೇರಿಸಿ ಹಳ್ಳಿಗಳತ್ತ ಕಳುಹಿಸಿತು.

ಇದೇ ದಾರಿಯಲ್ಲಿ 2007ರ ಅಕ್ಟೋಬರ್‌ನಲ್ಲಿ ಸೈನ್ಸ್ ಎಕ್ಸ್‌ಪ್ರೆಸ್ ರೈಲು ದೆಹಲಿಯಿಂದ ಹೊರಟಿತು. ಪ್ಯಾರಿಸ್ ಹವಾಮಾನ ಸಮ್ಮೇಳನಕ್ಕೆ ಕೆಲವೇ ವಾರಗಳಿದ್ದಾಗ, 2015ರ ಅಕ್ಟೋಬರ್ 15ರಂದು, 16 ಬೋಗಿಗಳ ಈ ರೈಲು ಹವಾಮಾನ ಬದಲಾವಣೆಯನ್ನೇ ಮುಖ್ಯ ವಿಷಯವಾಗಿಸಿಕೊಂಡು ಮತ್ತೆ ಸಂಚಾರ ಹೊರಟಿತು. ಭೂಮಿ ಏಕೆ ಬಿಸಿಯಾಗುತ್ತಿದೆ, ಅದರಿಂದ ಕೃಷಿಗೆ, ನೀರಿಗೆ, ಆರೋಗ್ಯಕ್ಕೆ ಏನಾಗುತ್ತದೆ, ನಾವೇನು ಮಾಡಬಹುದು ಎಂಬುದನ್ನು ಬೋಗಿಯಿಂದ ಬೋಗಿಗೆ ವಿವರಿಸಲಾಗಿತ್ತು. ಮಕ್ಕಳು ತಾವೇ ಪ್ರಯೋಗ ಮಾಡುವ ಬೋಗಿಯೂ ಇತ್ತು. ಪ್ರವೇಶ ಉಚಿತ. ನಿಲ್ದಾಣದಲ್ಲಿ ಸಾಲುಗಟ್ಟಿ ನಿಂತವರಲ್ಲಿ ದೊಡ್ಡ ಪಾಲು ಶಾಲಾಮಕ್ಕಳದ್ದು. ಎಲ್ಲ ಹಂತಗಳಲ್ಲಿ ಸೇರಿ ಒಂದೂವರೆ ಕೋಟಿಗೂ ಹೆಚ್ಚು ಜನರು ಈ ರೈಲನ್ನು ನೋಡಿದರು. 2017ರ ಸೆಪ್ಟೆಂಬರ್‌ನಲ್ಲಿ ಒಂಬತ್ತನೇ ಹಂತದೊಂದಿಗೆ ಆ ಪಯಣ ನಿಂತಿತು.

ಇದು ವಿಷಾದದ ಸಂಗತಿ. ಹವಾಮಾನ ಕೆಟ್ಟಾಗ ಮೊದಲ ಪೆಟ್ಟು ಬೀಳುವುದು ಮಳೆಯನ್ನು ನಂಬಿದ ರೈತನಿಗೆ, ಕಡಲನ್ನು ನಂಬಿದ ಮೀನುಗಾರನಿಗೆ, ಬಿಸಿಲಲ್ಲಿ ದುಡಿಯುವ ಕೂಲಿಯವನಿಗೆ. ಟಿಕೆಟು ಕೊಂಡು ನಗರದ ಸಂಗ್ರಹಾಲಯಕ್ಕೆ ಹೋಗುವಷ್ಟು ಬಿಡುವಾಗಲಿ ಹಣವಾಗಲಿ ಅವರ ಬಳಿ ಇಲ್ಲ. ಯಾರಿಗೆ ಈ ತಿಳಿವಳಿಕೆ ಹೆಚ್ಚು ಅಗತ್ಯವೋ ಅವರಿಂದಲೇ ಅದು ದೂರ ಉಳಿದರೆ ಪ್ರಯೋಜನವೇನು? ರೈಲು ಬಾರದಿದ್ದರೂ ಚಿಂತೆಯಿಲ್ಲ. ಜಿಲ್ಲೆಗೊಂದು ಬಸ್ಸಾದರೂ ಹಳ್ಳಿಯ ಶಾಲೆಯ ಅಂಗಳಕ್ಕೆ ಬರಲಿ. ಅದನ್ನು ಕೇಳಿ ಪಡೆಯುವ ಹೊಣೆ ನಮ್ಮೆಲ್ಲರದು.