ಮುದ್ರೆ ಯಾರದು, ಎಷ್ಟು ಕಾಲದ್ದು? ಡಿಜಿಟಲ್ ದಾಖಲೆಯ ಇ-ಮೊಹರು ಕುರಿತು

ಮೈಸೂರಿನ ವಿದ್ಯಾರಣ್ಯಪುರಂ ಯಾರ ಹೆಸರು ಹೊತ್ತಿದೆಯೋ ಆ ಯತಿಗಳನ್ನು ವಿಜಯನಗರದ ಸ್ಥಾಪನೆಗೆ ಜೋಡಿಸುವ ಕೆಲವು ತಾಮ್ರಶಾಸನಗಳು 1336ರ ಕಾಲವನ್ನು ಹೇಳಿಕೊಳ್ಳುತ್ತವೆ. ಅವು ಆಮೇಲೆ ಹುಟ್ಟಿಸಿದವು ಎಂದು ಹೆನ್ರಿ ಹೆರಾಸ್ 1929ರಲ್ಲಿ ವಾದಿಸಿದರು. ಅದಕ್ಕೂ ಮೊದಲೇ ಜೆ.ಎಫ್. ಫ್ಲೀಟ್ ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದ್ದರು. ತಾಮ್ರಪಟ ಕೈಗೆ ಬಂದಾಗ ಹಲಗೆಗಳನ್ನು ಪೋಣಿಸಿದ ಮುದ್ರೆಯ ಬಳೆ ಮೊದಲೇ ತುಂಡಾಗಿತ್ತೇ ಎಂಬುದನ್ನು ಶಾಸನತಜ್ಞರು ಬರೆದಿಡುತ್ತಾರೆ. ಬಳೆ ಬಿಚ್ಚಿದರೆ ನಿಜವಾದ ಲಾಂಛನಕ್ಕೇ ಸುಳ್ಳು ಹಲಗೆಯನ್ನು ಪೋಣಿಸಬಹುದಲ್ಲ!

ಕಚೇರಿಯೊಂದು ಡಿಜಿಟಲ್ ಕಡತಕ್ಕೆ ಹಾಕುವ ಇ-ಮೊಹರಿನಲ್ಲಿ ಈ ಬಳೆಯೇ ಇಲ್ಲ. ಕಡತದ ಇಡೀ ಒಡಲಿನಿಂದ ಎಸ್‌ಎಚ್‌ಎ-256ರಂಥ ವಿಧಾನದಲ್ಲಿ ಹ್ಯಾಶ್ ಎಂಬ ಬೆರಳಚ್ಚು ತೆಗೆದು, ಅದಕ್ಕೆ ಕಚೇರಿಯ ಖಾಸಗಿ ಕೀಲಿಯಿಂದ ಸಹಿ ಮಾಡಲಾಗುತ್ತದೆ. ಸರ್ವೆ ನಂಬರಿನ ಒಂದಂಕಿ ತಿದ್ದಿದರೂ ಸಾರ್ವಜನಿಕ ಕೀಲಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಮೊದಲೇ ತಪ್ಪಾಗಿ ನಮೂದಾದ ವಿವರವನ್ನು ಮಾತ್ರ ಯಾವ ಮೊಹರೂ ಸರಿಮಾಡದು.

ಐರೋಪ್ಯ ಒಕ್ಕೂಟದ 910/2014 ನಿಯಮಾವಳಿ ಸಹಿಯನ್ನು ವ್ಯಕ್ತಿಗೆ, ಮೊಹರನ್ನು ಸಂಸ್ಥೆಗೆ ಎಂದು ಬೇರೆ ಮಾಡಿತು. ಅರ್ಹ ಮೊಹರಿದ್ದರೆ ದಾಖಲೆಯ ಮೂಲವೂ ಅಖಂಡತೆಯೂ ಸರಿಯೆಂದೇ ಭಾವಿಸಬೇಕೆಂದು ಅದರ 35ನೇ ವಿಧಿ ಹೇಳುತ್ತದೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೊಹರೆಂಬ ಪ್ರತ್ಯೇಕ ವರ್ಗವಿಲ್ಲ. ಸಂಸ್ಥೆಯ ತಂತ್ರಾಂಶ ತಾನಾಗಿ ಸಹಿ ಹಾಕಲು ಕೊಡುವ ‘ಡಾಕ್ಯುಮೆಂಟ್ ಸೈನರ್’ ಪ್ರಮಾಣಪತ್ರ ಆ ಜಾಗ ತುಂಬಿದೆ. ಕಾಯ್ದೆಯಲ್ಲೇ ಈ ಭೇದ ಬರಬೇಕೆಂಬುದು ನನ್ನ ಅಭಿಪ್ರಾಯ: ತಹಶೀಲ್ದಾರರು ವರ್ಗವಾಗಿ ಹೋಗುತ್ತಾರೆ, ಪಹಣಿ ಕಚೇರಿಯದಾಗಿ ಉಳಿಯುತ್ತದೆ.

ಬಳಕೆಯ ತೊಡಕು ಬೇರೆಯೇ. ವಿದ್ಯಾರಣ್ಯಪುರಂನ ಮನೆಯೊಂದಕ್ಕೆ ಸಾಲ ಬೇಕೆಂದರೆ ಬ್ಯಾಂಕು ಇ.ಸಿ. (ಋಣಭಾರ ಪ್ರಮಾಣಪತ್ರ) ಕೇಳುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಬರುವ ಪಿಡಿಎಫ್‌ನಲ್ಲಿ ಡಿಜಿಟಲ್ ಸಹಿ ಇರುತ್ತದೆ. ಪ್ರಿಂಟ್ ತೆಗೆದ ಗಳಿಗೆಯಲ್ಲೇ ಅದು ಬರೀ ಚಿತ್ರ. ಕ್ಯೂಆರ್ ಕೋಡ್ ಇದ್ದರೆ ಅದು ಓದುಗರನ್ನು ಇಲಾಖೆಯ ಸರ್ವರಿಗೆ ಒಯ್ಯಬಹುದು, ಆದರೆ ಆಗ ಸಾಕ್ಷಿ ನುಡಿಯುವುದು ಸರ್ವರು, ಕೈಯಲ್ಲಿರುವ ಹಾಳೆಯಲ್ಲ. ಕಡತವನ್ನೇ ತೆರೆದರೂ, ಭಾರತದ ಮೂಲ ಪ್ರಮಾಣಪತ್ರವನ್ನು ನಂಬುವಂತೆ ಹೊಂದಿಸದ ಕಂಪ್ಯೂಟರಿನಲ್ಲಿ ಸರಿಯಾದ ಸಹಿಯ ಮೇಲೂ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಕಠಿಣವಾದದ್ದು ಆಯುಷ್ಯದ ಪ್ರಶ್ನೆ. ಸಹಿಯ ಪ್ರಮಾಣಪತ್ರದ ಅವಧಿ ಕೆಲವೇ ವರ್ಷ. ನಿವೇಶನದ ಕಾಗದಪತ್ರಕ್ಕೆ ಮೂವತ್ತು ವರ್ಷದ ಹಿಂದಿನ ಇತಿಹಾಸವನ್ನೂ ಕೇಳುತ್ತಾರೆ. ಮೊಹರು ಬಿದ್ದ ಕ್ಷಣಕ್ಕೆ ವಿಶ್ವಾಸಾರ್ಹ ಕಾಲಮುದ್ರೆ, ಆ ಹೊತ್ತಿಗೆ ಪ್ರಮಾಣಪತ್ರ ರದ್ದಾಗಿರಲಿಲ್ಲವೆಂಬ ಪುರಾವೆ, ಹಳೆಯ ಗಣಿತ ದುರ್ಬಲವಾಗುವ ಮುನ್ನ ಹೊಸ ಕಾಲಮುದ್ರೆ: ಇಷ್ಟೂ ಕಡತದೊಳಗೇ ಸೇರಿದ್ದರೆ ಮಾತ್ರ 2055ರಲ್ಲಿ ಅದನ್ನು ತೆರೆದವರು, ಕೊಟ್ಟ ಕಚೇರಿಯನ್ನು ಕೇಳದೆಯೇ ಪರೀಕ್ಷಿಸಬಲ್ಲರು.